ನೆಗಡಿ-ಜ್ವರಕ್ಕೆ ಜಿಂಕ್, ಸಿ, ಡಿ: ಯಾರಿಗೆ, ಎಷ್ಟು, ಯಾವ ರೂಪದಲ್ಲಿ?

ಹೊಂಗೆನೆರಳು
ಮಳೆಗಾಲ ಹಿಡಿದರೆ ಸಾಕು, ಕೆಮ್ಮು-ನೆಗಡಿ ಅಂತ ಔಷಧದ ಅಂಗಡಿಗೆ ಹೋದವರ ಕೈಗೆ ಒಂದು ಕಟ್ಟು ಬರುತ್ತದೆ: ಜಿಂಕ್ 50 ಮಿ.ಗ್ರಾಂ ಮಾತ್ರೆ, ಚೀಪುವ ವಿಟಮಿನ್ ಸಿ 500, ಡಿ3 60,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಸ್ಯಾಶೆ. 2020-21ರಲ್ಲಿ ಬೇರೂರಿದ ಪದ್ಧತಿ ಇನ್ನೂ ಹಾಗೇ ನಡೆದಿದೆ. ಇಲ್ಲಿ ಔಷಧ, ಲ್ಯಾಬ್, ಆಹಾರ ಎಲ್ಲ ಬಲ್ಲವರು ಇದ್ದೀರಿ, ಒಂದೇ ಕಡೆ ಬಿಡಿಸಿ ಹೇಳಿ. ಜಿಂಕ್‌ನಿಂದ ನೆಗಡಿ ನಿಜವಾಗಿ ಬೇಗ ಇಳಿಯುತ್ತದೆಯೇ? ನುಂಗುವ ಮಾತ್ರೆಗೂ ಚಪ್ಪರಿಸುವ ಮಾತ್ರೆಗೂ ವ್ಯತ್ಯಾಸ ಇದೆಯೇ? ಮಕ್ಕಳಿಗೆ ಎಷ್ಟು? ತಿಂಗಳುಗಟ್ಟಲೆ ತೆಗೆದುಕೊಂಡರೆ ಏನಾಗುತ್ತದೆ?

ಮಾತ್ರೆಪೆಟ್ಟಿಗೆ
ಮೊದಲು ಲೇಬಲ್ ಓದೋಣ, ಅರ್ಧ ಗೊಂದಲ ಅಲ್ಲೇ ಇರುವುದು. ಜಿಂಕ್, ಅಂದರೆ ನಮ್ಮ ಸತು, ಮಾತ್ರೆಯಲ್ಲಿ ಯಾವುದಾದರೂ ಲವಣದ ರೂಪದಲ್ಲಿರುತ್ತದೆ. ಲವಣದ ತೂಕ ಬೇರೆ, ಅದರೊಳಗಿನ ಸತುವಿನ ತೂಕ ಬೇರೆ. ಎರಡನೆಯದನ್ನೇ "ಎಲಿಮೆಂಟಲ್ ಜಿಂಕ್" ಅನ್ನುವುದು. ಜಿಂಕ್ ಸಲ್ಫೇಟ್ ಮೊನೊಹೈಡ್ರೇಟ್‌ನಲ್ಲಿ ಸತು ಸುಮಾರು 36%, ಹೆಪ್ಟಾಹೈಡ್ರೇಟ್‌ನಲ್ಲಿ ಸುಮಾರು 23%, ಅಸಿಟೇಟ್‌ನಲ್ಲಿ 30%, ಗ್ಲುಕೋನೇಟ್‌ನಲ್ಲಿ 14%. ಹಾಗಾಗಿ 20 ಮಿ.ಗ್ರಾಂ ಸತು ಸಿಗಬೇಕಾದರೆ ಮೊನೊಹೈಡ್ರೇಟ್ ಲವಣ ಸುಮಾರು 55 ಮಿ.ಗ್ರಾಂ ಬೇಕು. ಅದೇ 50 ಮಿ.ಗ್ರಾಂ ಗ್ಲುಕೋನೇಟ್ ಲವಣದಲ್ಲಿ ಸಿಗುವುದು 7 ಮಿ.ಗ್ರಾಂ ಮಾತ್ರ.

ಲೇಬಲ್ ಮೇಲೆ "ಇಷ್ಟು ಎಲಿಮೆಂಟಲ್ ಜಿಂಕ್‌ಗೆ ಸಮ" ಎಂಬ ಸಾಲು ಹುಡುಕಿ. ಅಲ್ಲಿ 50 ಅಂತ ಇದ್ದರೆ ಆ ಒಂದೇ ಮಾತ್ರೆ ವಯಸ್ಕರ ದಿನದ ಮೇಲ್ಮಿತಿಯಾದ 40 ಮಿ.ಗ್ರಾಂ ದಾಟಿತು. ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ (ಐಸಿಎಂಆರ್-ಎನ್‌ಐಎನ್) 2020ರ ಪಟ್ಟಿಯಲ್ಲಿ ದಿನದ ಅಗತ್ಯ ಗಂಡಸರಿಗೆ 17, ಹೆಂಗಸರಿಗೆ 13.2 ಮಿ.ಗ್ರಾಂ, ಅದೂ ಊಟದಿಂದ ಬರುವುದನ್ನೂ ಸೇರಿಸಿ. ಮೇಲೊಂದು ಮಲ್ಟಿವಿಟಮಿನ್ ಬರೆದಿದ್ದರೆ ಅದರಲ್ಲಿರುವ ಜಿಂಕನ್ನೂ ಕೂಡಿಸಿ ನೋಡಬೇಕು. ಅದನ್ನು ಯಾರೂ ಕೂಡಿಸುವುದಿಲ್ಲ.

ಗಂಟಲಗೂಡು
ನುಂಗುವುದು, ಚಪ್ಪರಿಸುವುದು ಎರಡೂ ಒಂದೇ ಅಲ್ಲ, ಇಡೀ ವಾದ ನಿಂತಿರುವುದೇ ಅದರ ಮೇಲೆ. 1984ರಲ್ಲಿ ಅಮೆರಿಕದ ಜಾರ್ಜ್ ಎಬಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಿಂದ ಇದು ಶುರು. 23 ಮಿ.ಗ್ರಾಂ ಸತುವಿರುವ ಗ್ಲುಕೋನೇಟ್ ಮಾತ್ರೆಯನ್ನು ಎಚ್ಚರವಿರುವಾಗ ಎರಡೆರಡು ಗಂಟೆಗೊಮ್ಮೆ ಬಾಯಲ್ಲಿ ಕರಗಿಸಿಕೊಳ್ಳುವುದು. 1996ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 100 ಮಂದಿ ಮೇಲೆ 13.3 ಮಿ.ಗ್ರಾಂ ಲೋಜೆಂಜ್ (ಚಪ್ಪರಿಸುವ ಮಾತ್ರೆ) ಪರೀಕ್ಷಿಸಿದಾಗ ನೆಗಡಿ 7.6 ದಿನದ ಬದಲು 4.4 ದಿನಕ್ಕೆ ಇಳಿಯಿತು. 1998ರಲ್ಲಿ ಮಕ್ಕಳ ಮೇಲೆ ಅಂಥದ್ದೇ ಪ್ರಯೋಗ ಮಾಡಿದರೆ ಫಲ ಸಿಗಲಿಲ್ಲ. ಹೀಗೆ ಒಂದು ಸಲ ಹೌದು, ಒಂದು ಸಲ ಇಲ್ಲ.

ಇದರ ಹಿಂದಿನ ಊಹೆ ಏನೆಂದರೆ, ಬಿಡುಗಡೆಯಾದ ಸತುವಿನ ಅಯಾನು (ವಿದ್ಯುದಂಶವಿರುವ ಬಿಡಿ ಕಣ) ಗಂಟಲಿನ ಒಳಪದರಕ್ಕೆ ನೇರವಾಗಿ ತಾಗಬೇಕು. ನೆಗಡಿ ತರುವ ರೈನೊವೈರಸ್ ಜೀವಕೋಶಕ್ಕೆ ಅಂಟಿಕೊಳ್ಳುವ ಐಕ್ಯಾಮ್-1 ಎಂಬ ಕೊಂಡಿಯ ಬಳಿ ಅದು ಅಡ್ಡಿ ಮಾಡಬಹುದು ಎಂಬ ಲೆಕ್ಕಾಚಾರ. ನುಂಗಿದರೆ ಹೊಟ್ಟೆಗೆ ಹೋಗುತ್ತದೆ, ಗಂಟಲಿಗಲ್ಲ. ಫಲ ಕಂಡ ಪ್ರಯೋಗಗಳಲ್ಲಿ ದಿನಕ್ಕೆ 75 ಮಿ.ಗ್ರಾಂಗಿಂತ ಹೆಚ್ಚು ಸತು, ಲಕ್ಷಣ ಶುರುವಾದ 24 ಗಂಟೆಯೊಳಗೆ ಆರಂಭ, ಒಂದು ವಾರದ ಆಸುಪಾಸಿನಲ್ಲಿ ನಿಲುಗಡೆ. ಅಷ್ಟು ಪ್ರಮಾಣ ಅಷ್ಟೇ ದಿನಕ್ಕೆ, ರೂಢಿಗಲ್ಲ.

ಸಂದೇಹಿ
ಗಂಟಲಗೂಡು ಅವರೇ, ಹೆಲ್ಸಿಂಕಿಯದನ್ನು ಬಿಟ್ಟಿರಿ. 2020ರಲ್ಲಿ ಪ್ರಕಟವಾದ ಆ ಪ್ರಯೋಗ ಮಾಡಿದವರು ಲೋಜೆಂಜ್ ಪರವಾಗಿ ಹಿಂದೆ ಬರೆದವರೇ. ನಗರಸಭೆ ನೌಕರರಿಗೆ ಮೊದಲೇ ಪೊಟ್ಟಣ ಕೊಟ್ಟು, ನೆಗಡಿ ಬಂದ ಕೂಡಲೇ ದಿನಕ್ಕೆ 6 ಮಾತ್ರೆ, ಒಟ್ಟು 78 ಮಿ.ಗ್ರಾಂ, 5 ದಿನ. ಚೇತರಿಕೆಯಲ್ಲಿ ವ್ಯತ್ಯಾಸ ಬರಲಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಜಿಂಕ್ ಗುಂಪಿನವರೇ ನಿಧಾನವಾಗಿ ಸುಧಾರಿಸಿದರು. ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕೋಕ್ರೇನ್ ಸಂಸ್ಥೆಯ 2024ರ ಪರಾಮರ್ಶೆ 34 ಪ್ರಯೋಗ, 8,526 ಮಂದಿಯನ್ನು ಕೂಡಿಸಿ ನೋಡಿತು. ನೆಗಡಿ ಬಾರದಂತೆ ತಡೆಯುವುದರಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಅಲ್ಪ. ಬಂದ ನೆಗಡಿ ಸುಮಾರು 2 ದಿನ ಮೊಟಕಾಗಬಹುದು, ಆದರೆ ಆ ಸಾಕ್ಷ್ಯ ಗಟ್ಟಿಯಲ್ಲ. ಬಾಯಿ ಕೆಟ್ಟ ರುಚಿ, ಹೊಟ್ಟೆ ತೊಳೆಸುವುದು ಮಾತ್ರ ಜಿಂಕ್ ಗುಂಪಿನಲ್ಲೇ ಹೆಚ್ಚು.

ಗಂಟಲಗೂಡು
ಒಪ್ಪಿದೆ, ಅದನ್ನೂ ಹೇಳಬೇಕಿತ್ತು. ನನ್ನ ಮಾತು ಇಷ್ಟೇ: ಲೋಜೆಂಜ್ ಬಗ್ಗೆ ವಾದಕ್ಕೆ ಜಾಗವಿದೆ, ನುಂಗುವ ಮಾತ್ರೆಗೆ ಆ ಫಲಿತಾಂಶವನ್ನು ಎರವಲು ತರಲಾಗದು.

ಹೊಂಗೆನೆರಳು
ಹಾಗಾದರೆ ನೀರಿಗೆ ಹಾಕಿದರೆ ಬುರುಬುರು ಎನ್ನುವ ಜಿಂಕ್-ಸಿ ಮಾತ್ರೆಯನ್ನೋ ಚೀಪುವ ಮಾತ್ರೆಯನ್ನೋ ಗಂಟಲಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡರೆ ಸಾಲದೇ?

ಮಾತ್ರೆಪೆಟ್ಟಿಗೆ
ಸಾಲದು. ಆ ಬುರುಗು ಬರುವುದೇ ಸಿಟ್ರಿಕ್ ಆಮ್ಲ ಮತ್ತು ಸೋಡಾ ಸೇರಿದಾಗ. ಸಿಟ್ರಿಕ್ ಆಮ್ಲ ಸತುವನ್ನು ಬಿಗಿಯಾಗಿ ಕಟ್ಟಿಹಾಕುತ್ತದೆ, ಗಂಟಲಲ್ಲಿ ಬಿಡಿ ಅಯಾನು ಉಳಿಯುವುದೇ ಇಲ್ಲ. ಕಿತ್ತಳೆ, ನಿಂಬೆ ರುಚಿಯ ಚೀಪುವ ಮಾತ್ರೆಗಳದ್ದೂ ಬಹುಮಟ್ಟಿಗೆ ಇದೇ ಕಥೆ. ಹಳೆಯ ಕೆಲವು ಲೋಜೆಂಜ್ ಪ್ರಯೋಗಗಳು ಸೋತದ್ದಕ್ಕೂ ಇದೇ ಕಾರಣ ಎಂಬ ವಾದವಿದೆ. ಬುರುಗು ಮಾತ್ರೆಯಲ್ಲಿ ಸೋಡಿಯಂ ಕೂಡ ಸಾಕಷ್ಟಿರುತ್ತದೆ, ಬಿಪಿ ಇರುವವರು ಗಮನಿಸಿ.

ಮೂಗಿಗೆ ಹಾಕುವ ಜಿಂಕ್ ಜೆಲ್, ಸ್ಪ್ರೇ ಹತ್ತಿರವೂ ಹೋಗಬೇಡಿ. ವಾಸನೆಯ ಶಕ್ತಿ ಹೋದ ದೂರುಗಳು ಬಂದ ಮೇಲೆ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಂಥ ಉತ್ಪನ್ನದ ವಿರುದ್ಧ ಎಚ್ಚರಿಕೆ ಹೊರಡಿಸಿತು. ಕೆಲವರಿಗೆ ಆ ನಷ್ಟ ಕಾಯಂ.

ಪ್ರಯೋಗಪಟ್ಟಿ
ಕೋವಿಡ್ ವಿಷಯ. 2010ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ತಂಡ, ಸತುವನ್ನು ಜೀವಕೋಶದ ಒಳಗೆ ದಾಟಿಸುವ ಪೈರಿಥಿಯೋನ್ ಜೊತೆ ಕೊಟ್ಟರೆ ಕೊರೊನಾ ವೈರಸ್ ತನ್ನ ಆರ್‌ಎನ್‌ಎ ನಕಲು ಮಾಡಿಕೊಳ್ಳಲು ಬಳಸುವ ಕಿಣ್ವವನ್ನು ಅದು ತಡೆಯುತ್ತದೆ ಎಂದು ತೋರಿಸಿತ್ತು. ಅದು ತಟ್ಟೆಯಲ್ಲಿ ಬೆಳೆಸಿದ ಜೀವಕೋಶದ ಮಾತು. ಮನುಷ್ಯರಲ್ಲಿ ಸತು ನುಂಗಿದರೆ ಜೀವಕೋಶದ ಒಳಗಿನ ಮಟ್ಟ ಹಾಗೆ ಏರುವುದಿಲ್ಲ, ದೇಹ ಅದನ್ನು ಕಟ್ಟುನಿಟ್ಟಾಗಿ ಹಿಡಿತದಲ್ಲಿಡುತ್ತದೆ.

2021ರ "ಕೋವಿಡ್ ಎ ಟು ಝಡ್" ಪ್ರಯೋಗದಲ್ಲಿ 214 ಹೊರರೋಗಿಗಳಿಗೆ 10 ದಿನ ಜಿಂಕ್ ಗ್ಲುಕೋನೇಟ್ 50 ಮಿ.ಗ್ರಾಂ, ಅಥವಾ ವಿಟಮಿನ್ ಸಿ 8,000 ಮಿ.ಗ್ರಾಂ, ಅಥವಾ ಎರಡೂ, ಅಥವಾ ಬರೀ ಸಾಮಾನ್ಯ ಆರೈಕೆ. ಲಕ್ಷಣ ಅರ್ಧಕ್ಕಿಳಿಯಲು ಸಾಮಾನ್ಯ ಆರೈಕೆಯವರಿಗೆ 6.7 ದಿನ, ಜಿಂಕ್‌ನವರಿಗೆ 5.9, ಸಿ ತೆಗೆದುಕೊಂಡವರಿಗೆ 5.5. ಅರ್ಥಪೂರ್ಣ ವ್ಯತ್ಯಾಸವಲ್ಲ, ಫಲ ಸಿಗುವ ಲಕ್ಷಣ ಕಾಣದೆ ಮಧ್ಯದಲ್ಲೇ ನಿಲ್ಲಿಸಿದರು. ಮಾತ್ರೆಪೆಟ್ಟಿಗೆಯವರ ಲೆಕ್ಕ ಇಲ್ಲಿಗೂ ಬರುತ್ತದೆ: ಆ 50 ಲವಣದ ತೂಕವಾಗಿದ್ದರೆ ಸಿಕ್ಕ ಸತು 7 ಮಿ.ಗ್ರಾಂ ಅಷ್ಟೇ. ಇನ್ನೊಂದು ಬದಿಗೆ ಟ್ಯುನಿಷಿಯಾದ್ದು: 470 ರೋಗಿಗಳು, 25 ಮಿ.ಗ್ರಾಂ ದಿನಕ್ಕೆರಡು ಸಲ, 15 ದಿನ. ಐಸಿಯು ಸೇರಿದವರು ಜಿಂಕ್ ಗುಂಪಿನಲ್ಲಿ 5.2%, ಇನ್ನೊಂದರಲ್ಲಿ 11.3%. ಸಾವಿನ ಪ್ರಮಾಣದಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ. ಇದು ಕುತೂಹಲ ಹುಟ್ಟಿಸುವ ಫಲಿತಾಂಶ, ಆದರೆ ಒಂದೇ ಒಂದು. ನಮ್ಮಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2021ರ ಎರಡನೇ ಅಲೆಯ ಕೊನೆಗೆ ಹೊರಡಿಸಿದ ಪರಿಷ್ಕೃತ ಸೂಚನೆಯಲ್ಲಿ ಐವರ್ಮೆಕ್ಟಿನ್, ಡಾಕ್ಸಿಸೈಕ್ಲಿನ್ ಜೊತೆಗೆ ಜಿಂಕನ್ನೂ ಕೈಬಿಟ್ಟಿತು. ಅಂಗಡಿಯ ಕಟ್ಟು ಮಾತ್ರ ಬದಲಾಗಲಿಲ್ಲ.

ಮಕ್ಕಳವಾರ್ಡ್
ಮಕ್ಕಳ ಲೆಕ್ಕವೇ ಬೇರೆ. ಇಲ್ಲಿ ಪ್ರಶ್ನೆ "ಔಷಧವೇ?" ಅನ್ನುವುದಲ್ಲ, "ಕೊರತೆ ಇದೆಯೇ?" ಅನ್ನುವುದು. 2016-18ರ ರಾಷ್ಟ್ರೀಯ ಮಕ್ಕಳ ಪೌಷ್ಟಿಕತೆ ಸಮೀಕ್ಷೆಯಲ್ಲಿ ಸತುವಿನ ಕೊರತೆ 1-4 ವರ್ಷದವರಲ್ಲಿ 19%, 10-19ರವರಲ್ಲಿ 32%. ದೆಹಲಿಯ ಕೊಳೆಗೇರಿಯಲ್ಲಿ 6 ತಿಂಗಳಿಂದ 3 ವರ್ಷದ ಸುಮಾರು 2,500 ಮಕ್ಕಳಿಗೆ ನಾಲ್ಕು ತಿಂಗಳು ದಿನವೂ ಜಿಂಕ್ ಕೊಟ್ಟ ಪ್ರಯೋಗ 2002ರಲ್ಲಿ ಬಂತು. ನ್ಯುಮೋನಿಯಾ ಸುಮಾರು ಕಾಲುಭಾಗ ಕಡಿಮೆಯಾಯಿತು. ಕೊರತೆ ಇರುವ ಕಡೆ ತಡೆಯುವ ಶಕ್ತಿ ಇದೆ ಅನ್ನುವುದಕ್ಕೆ ಇದು ಒಳ್ಳೆಯ ಆಧಾರ.

ಆದರೆ ನ್ಯುಮೋನಿಯಾ ಬಂದ ಮೇಲೆ ಕೊಟ್ಟರೆ? ಬಾಂಗ್ಲಾದೇಶದ 2004ರ ಪ್ರಯೋಗದಲ್ಲಿ ದಿನಕ್ಕೆ 20 ಮಿ.ಗ್ರಾಂನಿಂದ ಒಂದು ದಿನ ಬೇಗ ಚೇತರಿಕೆ. 2006ರಲ್ಲಿ ವೆಲ್ಲೂರಿನಿಂದ ಬಂದದ್ದರಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಲಾಭವಿಲ್ಲ, ಬೇಸಿಗೆ ತಿಂಗಳುಗಳಲ್ಲಿ ಜಿಂಕ್ ಪಡೆದವರಿಗೇ ಹೆಚ್ಚು ದಿನ ಹಿಡಿಯಿತು. ಆದ್ದರಿಂದ ಕೆಮ್ಮಿಗೆ, ಕಫಕ್ಕೆ ಜಿಂಕ್ ಸಿರಪ್ ಕೊಡುವುದಕ್ಕೆ ಆಧಾರ ಸಾಲದು.

ಭೇದಿಗೆ ಮಾತ್ರ ಅಳತೆ ಸ್ಪಷ್ಟವಿದೆ: 6 ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10, ಒಟ್ಟು 14 ದಿನ, ಓಆರ್‌ಎಸ್ ಜೊತೆಗೆ. ಮಾತ್ರೆಯನ್ನು ಒಂದು ಚಮಚ ಕಾಯಿಸಿ ಆರಿಸಿದ ನೀರಲ್ಲಿ ಅಥವಾ ಎದೆಹಾಲಲ್ಲಿ ಕರಗಿಸಿ ಕೂಡಲೇ ಕುಡಿಸಬೇಕು. ಅರ್ಧ ಗಂಟೆಯೊಳಗೆ ವಾಂತಿ ಮಾಡಿಕೊಂಡರೆ ಇನ್ನೊಮ್ಮೆ ಕೊಡಬೇಕು. ಇಲ್ಲಿ ನಡೆಯುವ ತಪ್ಪು: ಮೂರನೇ ದಿನ ಭೇದಿ ನಿಂತಿತೆಂದು ಮಾತ್ರೆಯನ್ನೂ ನಿಲ್ಲಿಸುತ್ತಾರೆ, ಉಳಿದದ್ದನ್ನು ಮುಂದಿನ ನೆಗಡಿಗೆ ಎತ್ತಿಡುತ್ತಾರೆ. ಬೇಕಾದಲ್ಲಿ ಸಾಲಲಿಲ್ಲ, ಬೇಡವಾದಲ್ಲಿ ಹೋಯಿತು.

ಸೂಜಿಮೊನೆ
"ಕೊರತೆ ಇದೆಯೇ" ಎಂದು ರಕ್ತ ಪರೀಕ್ಷೆಗೆ ಓಡುವವರಿಗೆ ಲ್ಯಾಬ್ ಕಡೆಯ ಮಾತು. ಜ್ವರ ಇರುವಾಗ ಸೀರಂ ಜಿಂಕ್ ನೋಡಿಸಬೇಡಿ. ಸೋಂಕು ಬಂದ ಕೂಡಲೇ ಯಕೃತ್ತು ರಕ್ತದ ಸತುವನ್ನು ಒಳಗೆ ಎಳೆದುಕೊಳ್ಳುತ್ತದೆ, ವರದಿಯಲ್ಲಿ "ಕಡಿಮೆ" ಎಂದು ಬರುತ್ತದೆ. ಅದು ಸೋಂಕಿನ ಗುರುತು, ಕೊರತೆಯದ್ದೇ ಆಗಬೇಕಿಲ್ಲ. ಆಸ್ಪತ್ರೆ ಸೇರಿದವರಲ್ಲಿ ಜಿಂಕ್ ಕಡಿಮೆ ಇತ್ತು, ಆದ್ದರಿಂದಲೇ ರೋಗ ಜೋರಾಯಿತು ಎಂಬ ತೀರ್ಮಾನಗಳು ಎಡವುವುದು ಇಲ್ಲೇ. ರಕ್ತದಲ್ಲಿ ಸತುವನ್ನು ಹೊತ್ತು ತಿರುಗುವ ಪ್ರೋಟೀನು ಆಲ್ಬ್ಯುಮಿನ್ ಇಳಿದಿದ್ದರೂ ಜಿಂಕ್ ಇಳಿದೇ ಕಾಣುತ್ತದೆ.

ನೋಡಿಸಲೇಬೇಕಿದ್ದರೆ ಸೋಂಕು ಪೂರ್ತಿ ವಾಸಿಯಾದ ಮೇಲೆ, ಬೆಳಿಗ್ಗೆ, ಖಾಲಿ ಹೊಟ್ಟೆಗೆ, ಜೊತೆಗೆ ಉರಿಯೂತ ಇದೆಯೇ ಎಂದು ತೋರಿಸುವ ಸಿಆರ್‌ಪಿ ಪರೀಕ್ಷೆ. ರಕ್ತವನ್ನು ಲೋಹಾಂಶ ಇಲ್ಲದ ಗಾಢ ನೀಲಿ ಮುಚ್ಚಳದ ಟ್ಯೂಬಿಗೇ ತೆಗೆಯಬೇಕು. ಸಾಮಾನ್ಯ ಟ್ಯೂಬಿನ ರಬ್ಬರಿನಿಂದಲೂ ಸತು ಸೇರಿಕೊಳ್ಳುತ್ತದೆ. ಕೆಂಪು ರಕ್ತಕಣ ಒಡೆದರೆ ಒಳಗಿನ ಸತು ಸೋರಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಇಷ್ಟೆಲ್ಲ ಸರಿಯಿದ್ದಾಗ ಡೆಸಿಲೀಟರಿಗೆ ಹೆಂಗಸರಲ್ಲಿ 70, ಗಂಡಸರಲ್ಲಿ 74 ಮೈಕ್ರೊಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಇದಕ್ಕೆ ತಿರುಗಾಮುರುಗಾ: ಜ್ವರದಲ್ಲಿ ಏರುತ್ತದೆ, ಕಬ್ಬಿಣದ ಕೊರತೆಯನ್ನೇ ಮುಚ್ಚಿಹಾಕುತ್ತದೆ.

ಗುರೆಳ್ಳ ಹಿಂಡಿ
ಮಾತ್ರಿ ಮಾತು ಸಾಕು ಮಾಡಿ ಒಲಿ ಕಡೆ ಬರೋಣ ರೀ. ಸತುವಿನ ಕೊರತಿ ಮನುಷ್ಯಾರಾಗ ಅದ ಅಂತ ಮೊದಲ ಗುರುತಿಸಿದವರು ಬಿಹಾರದ ಬಕ್ಸರ್‌ದಾಗ ಹುಟ್ಟಿದ ಡಾ. ಆನಂದ ಪ್ರಸಾದ್. 1961ರಾಗ ಇರಾನಿನ ಶಿರಾಜ್‌ದಿಂದ ಬರೆದ ವರದಿ ಅದು. ಬೆಳವಣಿಗಿ ಕುಂಠಿತ ಆದ ಹುಡುಗ್ರು, ಊಟ ಅಂದ್ರ ಹುಳಿ ಬರಸದ ಗೋಧಿ ರೊಟ್ಟಿ, ಮ್ಯಾಲೆ ಮಣ್ಣು ತಿನ್ನೋ ಚಟ. ರೊಟ್ಟಿಯೊಳಗ ಸತು ಇತ್ತು ರೀ, ಮೈಗೆ ಹತ್ತಲಿಲ್ಲ. ಕಾಳಿನ ಹೊಟ್ಟಿನೊಳಗಿನ ಫೈಟೇಟ್ ಅದನ್ನ ಹಿಡಕೊಂಡಿತ್ತು.

ನಮ್ಮ ಜೋಳ, ರಾಗಿ, ಗೋಧಿಗೂ ಇದ ಮಾತು. 100 ಗ್ರಾಂ ರಾಗಿಯೊಳಗ ಸತು 2.5 ಮಿ.ಗ್ರಾಂ ಅದ, ಜೋಳದಾಗ 2ರ ಸುಮಾರು. ಎಳ್ಳಿನಾಗ 7-8, ಗೋಡಂಬಿಯೊಳಗ 5 ದಾಟತದ, ಶೇಂಗಾದಾಗ 3ರ ಆಸುಪಾಸು. ಮಾಂಸದ ಸತು ಭಾಳ ಸಲೀಸ ಮೈಗೆ ಹತ್ತತದ. ಬರೀ ಕಾಯಿಪಲ್ಲೆ ಉಣ್ಣೋರು ಫೈಟೇಟ್ ಒಡಿಯೋ ಕೆಲಸ ಮಾಡಬೇಕು. ಬೇಯಿಸಿದ್ರ ಅದು ಹೋಗಂಗಿಲ್ಲ. ನೆನಸಬೇಕು, ಮೊಳಕಿ ಬರಸಬೇಕು, ಇಲ್ಲಾ ಹುಳಿ ಬರಸಬೇಕು.

1 ಕೆ.ಜಿ. ರಾಗಿ ಮೂರು ಸಲ ತೊಳದು 12 ತಾಸು ನೆನಸ್ರಿ, ನಡುವ ಒಮ್ಮೆ ನೀರು ಬದಲಿ ಮಾಡ್ರಿ. ನೀರು ಪೂರಾ ಬಸದು ತೆಳು ಹತ್ತಿ ಅರಿವ್ಯಾಗ ಸಡಲ ಕಟ್ಟಿ 24ರಿಂದ 36 ತಾಸು ಇಡ್ರಿ, ಆರಿದ್ರ ನೀರು ಚಿಮಕಸ್ರಿ. ಮೊಳಕಿ ಕಾಲಿಂಚು ಆದ ಮ್ಯಾಲೆ ಒಣಗಸಿ, ಕೈಯಿಂದ ತಿಕ್ಕಿ ಬೇರು ಉದುರಸಿ, ಸಣ್ಣ ಉರಿ ಮ್ಯಾಲೆ ಘಮ ಬರೂತನಕ ಹುರದು ಬೀಸಸ್ರಿ. ಕೆಡೋದು ಎಲ್ಲಿ ಅಂದ್ರ, ನೀರು ನಿಂತ್ರ ಬೂಷ್ಟು ಹಿಡೀತದ, ಹುಳಿ ನಾತ ಬರ್ತದ, ಅದನ್ನ ಚೆಲ್ಲಬೇಕು, ಒಣಗಸಿ ಉಳಸಾಕ ಹೋಗಬ್ಯಾಡ್ರಿ. ಇನ್ನ ಮೊದಲ ಹುರದು ಆಮೇಲೆ ನೆನಸಿದ್ರ ಮೊಳಕಿನೂ ಬರಂಗಿಲ್ಲ, ಫೈಟೇಟ್ ಒಡಿಯೋ ಕಿಣ್ವನೂ ಸಾಯತದ.

ಹೊಂಗೆನೆರಳು
ಇದು ಬಹಳ ಉಪಯೋಗದ ಮಾತು ಸರ್. ಇನ್ನು ಸಿ ಮತ್ತು ಡಿ?

ಪ್ರಯೋಗಪಟ್ಟಿ
ಸಿ ಬೇಗ ಮುಗಿಯುತ್ತದೆ. 2013ರ ಕೋಕ್ರೇನ್ ಪರಾಮರ್ಶೆಯಲ್ಲಿ 29 ಪ್ರಯೋಗ, 11,306 ಮಂದಿ. ದಿನವೂ ತೆಗೆದುಕೊಂಡರೆ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪಲಿಲ್ಲ. ಅವಧಿ ವಯಸ್ಕರಲ್ಲಿ 8%, ಮಕ್ಕಳಲ್ಲಿ 14% ಕಡಿಮೆ. ಮ್ಯಾರಥಾನ್ ಓಡುವವರು, ಕೊರೆವ ಚಳಿಯಲ್ಲಿ ಕವಾಯತು ಮಾಡುವ ಸೈನಿಕರಂಥ ವಿಪರೀತ ದಣಿವಿನವರಲ್ಲಿ ಮಾತ್ರ ನೆಗಡಿ ಅರ್ಧಕ್ಕಿಳಿಯಿತು. ನೆಗಡಿ ಬಂದ ಮೇಲೆ ಶುರು ಮಾಡಿದರೆ ನೆಚ್ಚಬಹುದಾದ ಫಲವಿಲ್ಲ. ದಿನದ ಅಗತ್ಯ 65-80 ಮಿ.ಗ್ರಾಂ. ಮಧ್ಯಮ ಗಾತ್ರದ ಒಂದು ಸೀಬೆಹಣ್ಣು ಅದನ್ನು ದಾಟಿಸುತ್ತದೆ. ಗ್ರಾಂಗಟ್ಟಲೆ ನುಂಗಿದರೆ ಆಕ್ಸಲೇಟ್ ಹೆಚ್ಚಿ ಮೂತ್ರಪಿಂಡದ ಕಲ್ಲಿನ ಅಪಾಯ. ರಕ್ತನಾಳದ ಮೂಲಕ ಭಾರೀ ಪ್ರಮಾಣ ಕೊಟ್ಟಾಗ ಕೆಲವು ಗ್ಲುಕೋಮೀಟರ್‌ಗಳು ಸಕ್ಕರೆಯನ್ನು ಸುಳ್ಳೇ ಹೆಚ್ಚು ತೋರಿಸುತ್ತವೆ, ಆ ಅಂಕಿ ನಂಬಿ ಇನ್ಸುಲಿನ್ ಕೊಟ್ಟರೆ ಸಕ್ಕರೆ ಕುಸಿಯುತ್ತದೆ.

ಡಿ ಸ್ವಲ್ಪ ಸೂಕ್ಷ್ಮ. 2017ರಲ್ಲಿ 25 ಪ್ರಯೋಗಗಳನ್ನು ಕೂಡಿಸಿದಾಗ ಉಸಿರಾಟದ ಸೋಂಕು ಸ್ವಲ್ಪ ಕಡಿಮೆ ಎಂದು ಕಂಡಿತು. ಲಾಭ ಹೆಚ್ಚಾಗಿ ಕಂಡದ್ದು ತೀವ್ರ ಕೊರತೆಯವರಲ್ಲಿ, ಅದೂ ದಿನಕ್ಕೋ ವಾರಕ್ಕೋ ಸಣ್ಣ ಪ್ರಮಾಣದಲ್ಲಿ ಪಡೆದವರಲ್ಲಿ. ಒಂದೇ ಸಲ ಸುರಿದ ದೊಡ್ಡ ಡೋಸಿನಿಂದ ಲಾಭವಿಲ್ಲ. ಹೊಸ ಪ್ರಯೋಗಗಳು ಸೇರುತ್ತಾ ಹೋದಂತೆ ಆ ಲಾಭ ತೆಳುವಾಯಿತು, 2025ರ ಲೆಕ್ಕದಲ್ಲಿ ಖಚಿತವೆನ್ನುವ ಗೆರೆಯಿಂದ ಕೆಳಗಿಳಿಯಿತು. ಬ್ರೆಜಿಲ್‌ನಲ್ಲಿ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಒಂದೇ ಸಲ 2 ಲಕ್ಷ ಐಯು ಕೊಟ್ಟರೂ ಮನೆಗೆ ಹೋಗುವ ದಿನ ಬೇಗ ಬರಲಿಲ್ಲ. ಕೊರತೆ ಸಾಬೀತಾಗಿದ್ದರೆ ಮೂಳೆಗಾಗಿ ತೆಗೆದುಕೊಳ್ಳಿ, ನೆಗಡಿಗಾಗಿ ಅಲ್ಲ.

ಮಾತ್ರೆಪೆಟ್ಟಿಗೆ
ಆ 60,000ದ ಸ್ಯಾಶೆ ವಾರಕ್ಕೊಂದು, ಸಾಮಾನ್ಯವಾಗಿ 8 ವಾರ. ಜಿಂಕ್, ಸಿ ಜೊತೆ ಒಂದೇ ಚೀಟಿಯಲ್ಲಿ ಬರೆದಾಗ ಇದನ್ನೂ ದಿನಕ್ಕೊಂದರಂತೆ ನುಂಗುವವರಿದ್ದಾರೆ. ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ತಣಿಯದ ಬಾಯಾರಿಕೆ, ಮಂಕು, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ಸ್ಯಾಶೆ ಕೊಡುವಾಗ ಅದರ ಮೇಲೆ ಪೆನ್ನಿನಿಂದ ವಾರದ ಹೆಸರು ಬರೆದುಕೊಡಬೇಕು.

ಜಿಂಕ್ ತಿಂಗಳುಗಟ್ಟಲೆ ತೆಗೆದುಕೊಂಡರೆ ತೊಂದರೆ ತಾಮ್ರದ ಕಡೆಯಿಂದ ಬರುತ್ತದೆ. ಹೆಚ್ಚಿನ ಸತು ಕರುಳಿನ ಕೋಶಗಳಲ್ಲಿ ಮೆಟಲೊಥಯೊನಿನ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಅದು ತಾಮ್ರವನ್ನು ಬಾಚಿ ಹಿಡಿದುಕೊಳ್ಳುತ್ತದೆ, ಕೋಶ ಉದುರಿದಾಗ ತಾಮ್ರವೂ ಮಲದಲ್ಲಿ ಹೊರಟುಹೋಗುತ್ತದೆ. ಮೊದಲು ರಕ್ತಹೀನತೆ, ಬಿಳಿ ರಕ್ತಕಣ ಕುಸಿತ. ಆಮೇಲೆ ಕಾಲು ಜೋಮು, ನಡಿಗೆ ತೂರಾಟ. ಕಬ್ಬಿಣದ ಮಾತ್ರೆ ಕೊಟ್ಟರೆ ಈ ರಕ್ತಹೀನತೆ ಜಗ್ಗುವುದಿಲ್ಲ. ಸತುವಿದ್ದ ಕೃತಕ ಹಲ್ಲಿನ ಅಂಟನ್ನು ವರ್ಷಗಟ್ಟಲೆ ಅತಿಯಾಗಿ ಬಳಸಿದವರಲ್ಲೂ ಇದೇ ನರದೌರ್ಬಲ್ಯ ವರದಿಯಾಗಿದೆ. ರೋಗನಿರೋಧಕ ಶಕ್ತಿಗೆಂದು ನುಂಗಿದ್ದು ಸೋಂಕಿನ ವಿರುದ್ಧ ಕಾದಾಡುವ ಬಿಳಿಕಣವನ್ನೇ ಇಳಿಸುವುದು ಎಷ್ಟು ಅನ್ಯಾಯ ನೋಡಿ.

ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ನಡೆಯುತ್ತಿದ್ದರೆ ಜಿಂಕ್ ಜೊತೆಗೆ ಬೇಡ, ಕರುಳಲ್ಲೇ ಅಂಟಿಕೊಂಡು ಆಂಟಿಬಯಾಟಿಕ್ ರಕ್ತಕ್ಕೆ ಸೇರದು. ಆಂಟಿಬಯಾಟಿಕ್ ಮೊದಲು, ಕನಿಷ್ಠ 2 ಗಂಟೆ ಬಿಟ್ಟು ಜಿಂಕ್. ಜಿಂಕ್ ಮೊದಲಾಗಿದ್ದರೆ 4ರಿಂದ 6 ಗಂಟೆ ಕಾಯಬೇಕು. ಥೈರಾಯ್ಡ್ ಮಾತ್ರೆಗೂ ಜಿಂಕ್‌ಗೂ 4 ಗಂಟೆ ಅಂತರವಿರಲಿ.

ಮಕ್ಕಳವಾರ್ಡ್
ವಿಟಮಿನ್ ಎ ಯಾರೂ ಎತ್ತಲಿಲ್ಲ. ಇಡೀ ಪಟ್ಟಿಯಲ್ಲಿ ವೈರಸ್ ರೋಗದ ಚಿಕಿತ್ಸೆಯಾಗಿ ಗಟ್ಟಿ ಸ್ಥಾನ ಇರುವುದು ಅದಕ್ಕೇ, ಅದೂ ದಡಾರದಲ್ಲಿ ಮಾತ್ರ. ದಡಾರ ಉಸಿರಿನಿಂದ ಹರಡುವ ರೋಗ, ಮಕ್ಕಳನ್ನು ಕೊಲ್ಲುವುದು ಬಹುತೇಕ ಅದರ ಹಿಂದೆ ಬರುವ ನ್ಯುಮೋನಿಯಾ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ: ವರ್ಷ ದಾಟಿದವರಿಗೆ 2 ಲಕ್ಷ ಐಯು, 6-11 ತಿಂಗಳಿಗೆ 1 ಲಕ್ಷ, 6 ತಿಂಗಳೊಳಗೆ 50,000. ಇಂದು ಒಂದು, ನಾಳೆ ಒಂದು. ಕಣ್ಣಿನ ಲಕ್ಷಣವಿದ್ದರೆ 2ರಿಂದ 6 ವಾರದ ನಡುವೆ ಮೂರನೆಯದು. ವೈದ್ಯರೇ ಕೊಡಬೇಕು, ಅಂಗನವಾಡಿಯಲ್ಲಿ ಯಾವಾಗ ಹಾಕಿಸಿದ್ದೆಂದು ತಾಯಿ ಕಾರ್ಡ್ ತೋರಿಸಬೇಕು. ಕೊಬ್ಬಿನಲ್ಲಿ ಕರಗುವ ವಿಟಮಿನ್ ಇದು, ಯಕೃತ್ತಿನಲ್ಲಿ ಕೂತುಬಿಡುತ್ತದೆ. ಲಸಿಕೆಯ ಬದಲಿಗೆ ಇದನ್ನು ಮನೆಯಲ್ಲೇ ಕೊಡುತ್ತಾ ಹೋದರೆ ವಿಷವಾಗುತ್ತದೆ. ಸಾಮಾನ್ಯ ನೆಗಡಿ, ಬೇರೆ ನ್ಯುಮೋನಿಯಾಗಳಿಗೆ ಇದರಿಂದ ಲಾಭ ಕಂಡಿಲ್ಲ.

ಹೊಂಗೆನೆರಳು
ಕೊನೆಯದೊಂದು ಡಾಕ್ಟ್ರೇ. ಮಾತ್ರೆ ಕೊಡುತ್ತಾ ಕಾಯುವ ಮನೆಯವರಿಗೆ, ಇನ್ನು ಕಾಯಬಾರದು ಎಂದು ಗೊತ್ತಾಗುವುದು ಹೇಗೆ?

ಮಕ್ಕಳವಾರ್ಡ್
ಉಸಿರು ಎಣಿಸಿ. ಮಗು ಅಳದೆ, ಹಾಲು ಕುಡಿಯದೆ, ಸಮಾಧಾನವಾಗಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪುತ್ತದೆ, ಎಳೆಮಕ್ಕಳ ಉಸಿರು ಒಂದೇ ಸಮನೆ ಇರುವುದಿಲ್ಲ. 2 ತಿಂಗಳೊಳಗೆ 60, 2ರಿಂದ 12 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40, ಅಷ್ಟು ಅಥವಾ ಹೆಚ್ಚಿದ್ದರೆ ಅದೇ ದಿನ ತೋರಿಸಬೇಕು. ಎಳೆಕೂಸಿಗಾದರೆ ಇನ್ನೊಮ್ಮೆ ಎಣಿಸಿ ಖಚಿತ ಮಾಡಿಕೊಳ್ಳಿ. ಉಸಿರು ಎಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ತುಟಿ ನೀಲಿ, ಹಾಲು ಕುಡಿಯಲಾಗದಿರುವುದು, ಎಬ್ಬಿಸಿದರೂ ಏಳದಿರುವುದು ಕಂಡರೆ ಎಣಿಸುತ್ತಾ ಕೂರಬೇಡಿ, ಹೊರಡಿ. ದೊಡ್ಡವರಲ್ಲಿ ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಯಂತ್ರ (ಆಕ್ಸಿಮೀಟರ್) 94ಕ್ಕಿಂತ ಕೆಳಗೆ ತೋರಿಸಿದರೆ ಹಾಗೇ. ಬೆರಳು ತಣ್ಣಗಿದ್ದರೆ ಅಥವಾ ಉಗುರಿಗೆ ಬಣ್ಣವೋ ಮದರಂಗಿಯೋ ಇದ್ದರೆ ಅಂಕಿ ತಪ್ಪಬಹುದು, ಬೆಚ್ಚಗೆ ಮಾಡಿ ಬೇರೆ ಬೆರಳಿಗೆ ಹಾಕಿ ನೋಡಿ.